ಸುವರ್ಣಳ ಅಭಿರುಚಿ

ದುರ್ಗಮ್ಮನ ಮೈಗೆ ಯಾರೂ ಟೇಪು ಹಿಡಿದಿರಲಿಲ್ಲ. ಭದ್ರಾವತಿ ಹಳೇ ಊರಿನ ದರ್ಜಿ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಅವಳು ಹಳೆಯ ರವಿಕೆಯೊಂದನ್ನು ಹಲಗೆಯ ಮೇಲೆ ಇಡುತ್ತಿದ್ದಳು. ದರ್ಜಿ ಕಡ್ಡಿಯ ತುದಿಯಿಂದ ಅದನ್ನು ಎಳೆದುಕೊಂಡು, ಅದರ ಅಳತೆಗೇ ಹೊಸದನ್ನು ಹೊಲಿದು ಎಸೆಯುತ್ತಿದ್ದ. ಆ ಹಳೆಯ ರವಿಕೆಯೂ ಅವಳದಲ್ಲ. ತೀರಿಹೋದ ಅತ್ತೆಯದು. ಅತ್ತೆ ಮೈ ತುಂಬಿಕೊಂಡಿದ್ದವಳು. ಹಾಗಾಗಿ ಹನ್ನೊಂದು ವರ್ಷದಿಂದ ದುರ್ಗಮ್ಮನ ರವಿಕೆ ಎಡಭುಜದಿಂದ ಜಾರುತ್ತಲೇ ಇತ್ತು. ಜಾರಿದ್ದನ್ನು ಎಳೆದುಕೊಳ್ಳಲು ಒಂದು ಕೈಯಾದರೂ ಖಾಲಿ ಇರಬೇಕು. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಬಳಿಯುವ ತಗಡು. ಅವಳು ಗದ್ದದಿಂದ ಬಟ್ಟೆ ಎತ್ತಿಕೊಳ್ಳುತ್ತಿದ್ದಳು.

ಅವಳು ಊರಿನ ಜಲಗಾರರಲ್ಲಿ ಒಬ್ಬಳು. ಕಾರ್ಖಾನೆಯ ಮೊದಲ ಸೈರನ್ ಕೂಗುವಾಗ ಹಿಂದಿನ ಓಣಿಯಲ್ಲಿರುತ್ತಿದ್ದಳು. ಯಾವ ಮನೆಯ ಮುಂಬಾಗಿಲಿಗೆ ಯಾವ ಬಣ್ಣ ಎಂದು ಅವಳಿಗೆ ಗೊತ್ತಿರಲಿಲ್ಲ. ಕಕ್ಕಸುಗಳ ಹಿಂದಿನ ಕಿಂಡಿಗಳು ಮಾತ್ರ ಗೊತ್ತು. ಕಿಂಡಿಯ ತಗಡು ಎತ್ತಬೇಕು. ಬಗ್ಗಿ ಕೈ ಒಳಗೆ ಹಾಕಬೇಕು. ಬಳಿಯಬೇಕು, ಬಕೆಟ್ಟಿಗೆ ತುಂಬಬೇಕು, ಬೂದಿ ಚೆಲ್ಲಬೇಕು. ಓಣಿಯ ಕೊನೆಯಲ್ಲಿ ನಿಂತ ಗಾಡಿಗೆ ಹೊತ್ತು ಸುರಿಯಬೇಕು. ಮೂವತ್ತೆರಡು ಮನೆ. ಕೊನೆಗೆ ಹೊಳೆ ಕಡೆಯ ಮಿಡ್ಲ್ ಸ್ಕೂಲು.

ಆ ಸ್ಕೂಲಿನಲ್ಲೇ ಅವಳ ಮಗಳು ಸುವರ್ಣ ಏಳನೇ ಕ್ಲಾಸು ಓದುತ್ತಿದ್ದಳು. ಗಂಡ ಕಾಮಾಲೆಯಾಗಿ ಸತ್ತು ಮೂರು ವರ್ಷವಾಗಿತ್ತು. ಇದ್ದವಳು ಇವಳೊಬ್ಬಳೇ. ಕ್ಲಾಸಿನ ಹುಡುಗರು, "ಹೆಸರು ಚಿನ್ನ, ಅವರವ್ವ ಹೊರೋದೂ ಚಿನ್ನ" ಎಂದು ಹಾಡುತ್ತಿದ್ದರು. ಬೆಲ್ಲು ಹೊಡೆಯುವ ಮೊದಲು ದುರ್ಗಮ್ಮ ಹಿಂಬಾಗಿಲಿನಿಂದ ಹೊರಗಾಗಿರುತ್ತಿದ್ದಳು. ತಡವಾದ ದಿನ ಎದುರಾದರೂ ಅವ್ವ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಾಗೆಂದು ಅವರು ಮಾತಾಡಿಕೊಂಡಿದ್ದೇನಲ್ಲ.

ಐವತ್ತೊಂಬತ್ತರ ಆ ವರ್ಷ ಸ್ಕೂಲಿಗೆ ಹೊಸದೊಂದು ಬಂತು. ಸುವರ್ಣ ಸಂಜೆ ಒಲೆಯ ಮುಂದೆ ಕೂತು ಹೇಳಿದಳು.

"ಅವ್ವ, ಬರೋ ವರ್ಷಕ್ಕೆ ನಾವೇ ಒಂದು ವಿಷಯ ಆರಿಸ್ಕೋಬೇಕಂತೆ."

"ಆರಿಸ್ಕೊಳೋದಾ? ನಾವಾ?"

"ಹೂಂ. ಹುಡ್ಗೀರಿಗೆ ನಾಕಿದಾವೆ. ನೂಲು, ಅಡುಗೆ, ಹೊಲಿಗೆ, ತೋಟ. ಎಲ್ಲಾದ್ರಲ್ಲೂ ಎರಡೆರಡು ದಿನ ಕೂತು ನೋಡ್ಬೇಕು. ಆಮೇಲೆ ಯಾವ್ದು ಬೇಕೋ ಅದು. ಮೀರಾ ಟೀಚರು ಹೇಳಿದ್ರು."

"ಎಲ್ರಿಗೂನಾ?"

"ಎಲ್ರಿಗೂ ಅಂದ್ರು."

"ನಮ್ಮುನ್ನೂ ಸೇರ್ಸಿ ಅಂದ್ರಾ?"

"ಎಲ್ರೂ ಅಂದ್ಮೇಲೆ ನಾವೂ ಬಂದ್ವಲ್ಲವ್ವ."

ಮೀರಾ ಟೀಚರು ಹೊಸಬರು. ಮೈಸೂರಿನಲ್ಲಿ ಬಿ.ಎ. ಮಾಡಿ, ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದು ದಿನಾ ರೈಲಿಗೆ ಬರುತ್ತಿದ್ದರು. ಬೇರೆ ಯಾರಿಗೂ ಬೇಡವಾದ ಈ ಕೆಲಸವನ್ನು ಹೆಡ್ ಮೇಷ್ಟ್ರು ರಾಮಚಂದ್ರಪ್ಪನವರು ಅವರ ತಲೆಗೆ ಕಟ್ಟಿದ್ದರು. ಮಕ್ಕಳು ಎರಡೆರಡು ದಿನ ಕೂತದ್ದನ್ನು ನೋಡಿ ಆಯಾ ಟೀಚರು ಒಂದು ಸಾಲು ಬರೆಯಬೇಕು. ಅದಕ್ಕೆ ಅಭಿರುಚಿ ಪಟ್ಟಿ ಎಂದು ಹೆಸರು. ನೂಲು, ಅಡುಗೆ, ಹೊಲಿಗೆಗೆ ಪರೀಕ್ಷೆಯಿತ್ತು. ಪಾಸಾದವರಿಗೆ ಶಿವಮೊಗ್ಗದ ಹೈಸ್ಕೂಲಿನಲ್ಲಿ ಸೀಟು, ಜೊತೆಗೆ ಹಾಸ್ಟೆಲ್ಲು. ತೋಟಕ್ಕೆ ಪರೀಕ್ಷೆಯಿರಲಿಲ್ಲ. ಅದನ್ನು ತೆಗೆದುಕೊಂಡವರು ಎಂಟನೇ ಕ್ಲಾಸು ಮುಗಿಸಿ ಮನೆಗೆ ಹೋಗುವವರು.

"ನೀನ್ಯಾವ್ದು ತಗೊಳ್ತೀಯ?" ದುರ್ಗಮ್ಮ ಕೇಳಿದಳು.

"ಹೊಲಿಗೆ." ಸುವರ್ಣ ಯೋಚಿಸಲಿಲ್ಲ. "ಮೊದ್ಲು ನಿಂಗೊಂದು ರವಿಕೆ. ಅಳತೆ ತಗೊಂಡು."

ದುರ್ಗಮ್ಮ ನಕ್ಕಳು. ನಗುವಾಗಲೂ ಎಡಭುಜದ ಬಟ್ಟೆಯನ್ನು ಗದ್ದದಿಂದ ಎತ್ತಿಕೊಂಡಳು. ಎರಡೂ ಕೈ ಖಾಲಿಯಿದ್ದವು.

ನೂಲಿನ ದಿನ ಸುವರ್ಣ ತಲೆ ತುಂಬ ಹತ್ತಿ ಮೆತ್ತಿಕೊಂಡು ಬಂದಳು. ದುರ್ಗಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ನಗುತ್ತ ಒಂದೊಂದೇ ಎಳೆ ಬಿಡಿಸಿದಳು. ಅಡುಗೆಯ ದಿನ ಲಂಗದಲ್ಲಿ ಹೊಗೆಯ ವಾಸನೆಯಿತ್ತು, ಪಾದದ ಮೇಲೆ ಬೂದಿಯಿತ್ತು.

"ಏನ್ ಮಾಡಿದ್ರೇ?"

"ಉಪ್ಪಿಟ್ಟು."

"ನೀನೂ ತಿಂದ್ಯಾ?"

"ತಿಂದೆ."

ಆ ರಾತ್ರಿ ಸುವರ್ಣ ಎರಡು ಮುದ್ದೆ ಉಂಡಳು. ಬೆಳೆಯುವ ಹುಡುಗಿ ಎಂದುಕೊಂಡಳು ದುರ್ಗಮ್ಮ.

ಹೊಲಿಗೆಯ ದಿನ ಲಂಗದ ಅಂಚಿಗೆ ಕೆಂಪು, ನೀಲಿ ದಾರದ ಚೂರುಗಳು ಅಂಟಿದ್ದವು. ದುರ್ಗಮ್ಮ ಅವನ್ನು ಬಿಡಿಸಿ ಗೂಡಿನಲ್ಲಿಟ್ಟಳು. ಪಕ್ಕದ ಮನೆಯ ಬಂಗಾರಮ್ಮ ಬಾಗಿಲಿಗೆ ಬಂದು ನೋಡಿದಳು. ಅವಳೂ ಬಕೆಟ್ಟು ಹೊರುವವಳೇ.

"ನಿನ್ ಮಗಳು ಮಿಷನ್ ತುಳಿಯೋಕೆ ಕಲಿತ್ರೆ ನಂಗೊಂದು ಪಫ್ ತೋಳಿನ ರವಿಕೆ ಹೊಲ್ಸೇ ಮಾರಾಯ್ತಿ. ಓಣಿಲಿ ಹಾಕ್ಕೊಂಡು ಮೆರೀತೀನಿ."

"ಯಾರ್ ನೋಡ್ತಾರೇ ನಿನ್ನ ಹಿಂದಿನ ಓಣಿಲಿ?"

"ಯಾಕೆ, ಹಂದಿಗಳಿಲ್ವಾ?"

ಇಬ್ಬರೂ ನಕ್ಕರು. ಸುವರ್ಣ ನಗಲಿಲ್ಲ. ಅವಳ ಬಲ ಅಂಗೈಯಲ್ಲಿ, ತೋರುಬೆರಳಿನ ಬುಡದಲ್ಲಿ ಒಂದು ಬೊಬ್ಬೆ ಎದ್ದಿತ್ತು. ಇದೇನೇ ಎಂದು ದುರ್ಗಮ್ಮ ಕೇಳಿದ್ದಕ್ಕೆ, ಮಿಷನ್ ಚಕ್ರ ತಿರುಗಿಸಿ ಎಂದಳು. ದುರ್ಗಮ್ಮ ನಂಬಿದಳು. ನಂಬುವ ಆಸೆ ಅವಳಿಗಿತ್ತು. ತನ್ನ ಅಂಗೈಯಲ್ಲೂ ಅದೇ ಜಾಗದಲ್ಲಿ ಪೊರಕೆಯ ಜಡ್ಡು ಕಟ್ಟಿದ್ದು ಅವಳಿಗೆ ಹೊಳೆಯಲಿಲ್ಲ.

ಸೋಮವಾರ ತಾಯಿತಂದೆಯರನ್ನು ಸ್ಕೂಲಿಗೆ ಕರೆಸಿದರು. ಮಕ್ಕಳ ವಿಷಯಕ್ಕೆ ಒಪ್ಪಿಗೆ ಹಾಕಬೇಕು. ಬಂದವರು ಜಗಲಿಯ ಬೆಂಚುಗಳಲ್ಲಿ ಕೂತರು. ದುರ್ಗಮ್ಮ ಹಿಂಬಾಗಿಲಿನಿಂದ ಬಂದು ಜಗಲಿಯ ಕೆಳಗೆ ನಿಂತಳು. ಸ್ನಾನ ಮಾಡಿ ಬಂದಿದ್ದಳು. ಆದರೂ ಬೆಂಚಿನ ತುದಿಯಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡಳು.

ಎಲ್ಲರದೂ ಮುಗಿದ ಮೇಲೆ ರಾಮಚಂದ್ರಪ್ಪನವರು ಮಸಿಯ ಡಬ್ಬಿಯನ್ನು ಕೆಳಗಿನ ಮೆಟ್ಟಿಲ ಮೇಲೆ ಇಡಿಸಿದರು.

"ದುರ್ಗೀ, ಹೆಬ್ಬೆಟ್ಟು ಒತ್ತು."

"ಯಾವ್ದಕ್ಕೆ ಬುದ್ದಿ?"

"ನಿನ್ನ ಮಗಳಿಗೆ ತೋಟ ಬಂದಿದೆ. ತೋಟ ಮತ್ತು ನೈರ್ಮಲ್ಯ."

"ಅವ್ಳು ಹೊಲಿಗೆ ಅಂದಿದ್ಲು ಬುದ್ದಿ."

"ಅವಳು ಅಂದಿದ್ದೊಂದೇ ಸಾಕಾಗಲ್ಲ ಕಣೇ. ಅಭಿರುಚಿ ನೋಡಬೇಕು. ನಾಲ್ಕು ಜನ ನೋಡಿ ಬರೆದಿದಾರೆ. ನಾನೇನು ಮನೆಯಿಂದ ಬರ್ಕೊಂಡು ಬಂದಿಲ್ಲ."

ದುರ್ಗಮ್ಮ ಮೀರಾ ಟೀಚರ ಕಡೆ ತಿರುಗಿದಳು. ಪಟ್ಟಿ ಅವರ ಕೈಯಲ್ಲಿತ್ತು.

"ಏನ್ ಬರ್ದಿದಾರೆ, ಓದಿ ಟೀಚರಮ್ಮ."

ಮೀರಾ ಹೆಡ್ ಮೇಷ್ಟ್ರ ಮುಖ ನೋಡಿದರು. ಆಮೇಲೆ ಪಟ್ಟಿ ನೋಡಿದರು. ಓದಿದರು. ದನಿಯಲ್ಲಿ ಏನೂ ಇರಲಿಲ್ಲ.

"ನೂಲು. ಹತ್ತಿಯ ದೂಳನ್ನು ಚೆನ್ನಾಗಿ ಗುಡಿಸುತ್ತಾಳೆ. ಅಡುಗೆ. ಒಲೆಯ ಬೂದಿ ತೆಗೆದು ಹೊರಗೆ ಹಾಕುವುದರಲ್ಲಿ ಆಸಕ್ತಿ. ಹೊಲಿಗೆ. ಚಿಂದಿ ಗುಡಿಸಿ ಆರಿಸುವುದರಲ್ಲಿ ಚುರುಕು. ತೋಟ. ಗೊಬ್ಬರ ಹೊರುತ್ತಾಳೆ. ಕಕ್ಕಸಿಗೆ ನೀರು ಹಾಕುತ್ತಾಳೆ. ಹೇಸುವುದಿಲ್ಲ. ಈ ಕೆಲಸದಲ್ಲಿ ಹುಟ್ಟು ಅಭಿರುಚಿ ಇದೆ."

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುವರ್ಣ ಕಂಬದ ಪಕ್ಕ ನಿಂತಿದ್ದಳು. ದುರ್ಗಮ್ಮ ಆ ಸ್ಕೂಲಿನೊಳಗೆ ಮೊದಲ ಸಲ ಮಗಳ ಮುಖ ನೋಡಿದಳು.

"ರಾಟೆ ಮುಟ್ಟಿದ್ಯೇನೇ?"

"ಇಲ್ಲ."

"ಉಪ್ಪಿಟ್ಟು?"

"ಹೊರಗೆ ಕೂತಿದ್ದೆ."

"ಮಿಷನ್ನು?"

ಸುವರ್ಣ ಬೊಬ್ಬೆಯ ಅಂಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡಳು. ಹೊಲಿಗೆ ಕಲಿಸುವ ಅಖ್ತರ್ ಬೀ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದರು. "ನಾನ್ ಏನ್ ಮಾಡ್ಲಿ ದುರ್ಗಮ್ಮ? ಅವಳು ಮಿಷನ್ ಮುಟ್ಟಿದ್ರೆ ಉಳಿದ ಹುಡ್ಗೀರು ಎದ್ದು ಹೋಗ್ತಾರೆ. ಹುಡ್ಗೀರಿಲ್ಲ ಅಂದ್ರೆ ನನ್ ನೌಕ್ರಿ ಇಲ್ಲ."

ದುರ್ಗಮ್ಮನಿಗೆ ಸಿಟ್ಟಿಗಿಂತ ಮೊದಲು ಸುಸ್ತು ಬಂತು. ಅಲ್ಲೇ ಕೂತುಬಿಡಬೇಕೆನ್ನಿಸಿತು. ಕೂರಲಿಲ್ಲ.

"ನೀವೇ ಪೊರಕೆ ಕೊಟ್ರಿ. ಪೊರಕೆ ಮೇಲೆ ಆಸಕ್ತಿ ಅಂತ ನೀವೇ ಬರ್ಕೊಂಡ್ರಿ. ಸೂಜಿ ಕೊಟ್ಟು ನೋಡಿದ್ರಾ?"

"ಬಾಯಿ ಜಾಸ್ತಿ ಆಯ್ತು ನಿಂದು," ಎಂದರು ರಾಮಚಂದ್ರಪ್ಪ.

"ಹಂಗಾದ್ರೆ ನಂದೂ ಬರ್ಕೊಳಿ ಬುದ್ದಿ. ಹನ್ನೊಂದು ವರ್ಷ ಈ ಇಸ್ಕೂಲಿನ ಕಕ್ಕಸು ಬಳ್ದಿದೀನಿ. ನಿಮ್ಮನೇದೂ ಬಳ್ದಿದೀನಿ. ಒಂದ್ ದಿನಾನೂ ಇಷ್ಟಪಟ್ಟು ಬಳ್ದಿಲ್ಲ. ಮೊದ್ಲ ವರ್ಷ ದಿನಾ ವಾಂತಿ ಮಾಡ್ಕೊಂಡೇ ಬಳ್ದೆ. ನಿಮ್ಮ ಪಟ್ಟಿಲಿ ಅದ್ಕೂ ಒಂದು ಜಾಗ ಇದ್ರೆ ಬರ್ಕೊಳಿ."

ರಾಮಚಂದ್ರಪ್ಪ ಮಸಿಯ ಡಬ್ಬಿಯತ್ತ ಬೆರಳು ತೋರಿದರು.

"ಹೆಬ್ಬೆಟ್ಟು ಒತ್ತು. ಶನಿವಾರ ಶಿವಮೊಗ್ಗದಿಂದ ಶಿಕ್ಷಣ ಇಲಾಖೆ ಸಾಹೇಬರು ಪಟ್ಟಿ ನೋಡೋಕೆ ಬರ್ತಾರೆ. ಒತ್ತಲಿಲ್ಲ ಅಂದ್ರೆ ನಿನ್ನ ಮಗಳ ಹೆಸರೇ ಇರಲ್ಲ."

ದುರ್ಗಮ್ಮ ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಕಟ್ಟಿದಳು.

"ಒತ್ತಲ್ಲ. ನಾಳೆಯಿಂದ ಈ ಕಕ್ಕಸಿಗೂ ಬರಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ಯಾಕ್ ಹೇಳ್ಲಿಲ್ಲ ನಂಗೆ?"

"ನೀನು ತಲೇಲಿರೋ ಹತ್ತಿ ನೋಡಿ ನಗ್ತಿದ್ದೆ," ಎಂದಳು ಸುವರ್ಣ.

ಮಂಗಳವಾರ ದುರ್ಗಮ್ಮ ಮೂವತ್ತೆರಡು ಮನೆ ಬಳಿದಳು. ಸ್ಕೂಲಿನ ಹಿಂಬಾಗಿಲ ಹತ್ತಿರ ಬಂದು ವಾಪಸು ತಿರುಗಿದಳು. ಬುಧವಾರವೂ ಹಾಗೆಯೇ. ಗುರುವಾರ ದಫೇದಾರ ಸುಬ್ಬಪ್ಪ ಜಲಗಾರರ ಲೈನಿಗೆ ಬಂದ. ಹಾಜರಿ ಹಾಕುವವನು ಅವನೇ, ಲೈನಿನ ಮನೆಗಳೂ ಅವನ ಕೈಯಲ್ಲೇ.

"ಏನೇ, ಲೀಡರಾದ್ಯೇನೇ?"

"ಹಂಗೇನಿಲ್ಲ ದಫೇದಾರ್ರೇ."

"ನಾಳೆ ಸ್ಕೂಲಿಗೆ ಹೋಗ್ಲಿಲ್ಲ ಅಂದ್ರೆ ನಾಡಿದ್ದು ಮನೆ ಖಾಲಿ ಮಾಡ್ಬೇಕು. ಪಾತ್ರೆ ಪಗಡ ಕಟ್ಟಿಟ್ಕೊ." ಅವನು ಬಂಗಾರಮ್ಮನ ಕಡೆ ತಿರುಗಿದ. "ಇವತ್ತು ನೀನು ಹೋಗೇ."

"ಸೊಂಟ ಹಿಡ್ಕೊಂಡುಬಿಟ್ಟಿದೆ ದಫೇದಾರ್ರೇ. ಬಗ್ಗೋಕೇ ಆಗಲ್ಲ." ಹಾಗೆಂದವಳೇ ಬಗ್ಗಿ ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಒಳಗೆ ನಡೆದಳು.

ಉಳಿದವರಿಗೂ ಅವತ್ತೇ ಜ್ವರ, ಅವತ್ತೇ ಕಾಲುನೋವು. ಸುಬ್ಬಪ್ಪ ಎಲ್ಲರ ಬಾಗಿಲಿಗೂ ಬೈದು ಹೋದ.

ದುರ್ಗಮ್ಮ ಮನೆಯನ್ನು ಒಂದು ಸಲ ಸುತ್ತ ನೋಡಿದಳು. ಒಂದು ಕೋಣೆ, ಒಂದು ಗೂಡು, ಗೂಡಿನಲ್ಲಿ ದಾರದ ಚೂರುಗಳು. ಖಾಲಿ ಮಾಡಿ ಎಲ್ಲಿಗೆ ಹೋಗುವುದು? ಊರಿನಲ್ಲಿ ಬೇರೆ ಯಾರೂ ಅವಳಿಗೆ ಬಾಡಿಗೆಗೆ ಕೊಡುವವರಲ್ಲ. ಶುಕ್ರವಾರ ಬೆಳಗ್ಗೆ ಮಗಳು ಸ್ಕೂಲಿಗೆ ಹೋದ ಮೇಲೆ ಬಕೆಟ್ಟು ತೆಗೆದುಕೊಂಡು ಹೊರಟಳು. ಬಂಗಾರಮ್ಮ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸ್ಕೂಲಿನ ಕಕ್ಕಸಿನ ನಾತ ಹೊಳೆಯ ಸೇತುವೆಯವರೆಗೂ ಬಂದಿತ್ತು. ಓಣಿಯಲ್ಲಿ ನೊಣಗಳು ಮುಖಕ್ಕೇ ಬಡಿಯುತ್ತಿದ್ದವು. ದುರ್ಗಮ್ಮ ಬಗ್ಗಿ ಕಿಂಡಿಯ ತಗಡು ಎತ್ತಿದಳು. ಆಗ ಗೋಡೆಯ ಆಚೆ ಹೆಡ್ ಮೇಷ್ಟ್ರ ದನಿ ಕೇಳಿತು. ಪಕ್ಕದ ಹಿಂಬಾಗಿಲಿನ ಹಲಗೆಯೊಂದು ಮುರಿದಿತ್ತು. ಅದರ ಸಂದಿಯಲ್ಲಿ ನೋಡಿದಳು.

ಸುವರ್ಣ ಅಂಗಳದಲ್ಲಿ ನಿಂತಿದ್ದಳು. ಕಾಲ ಬಳಿ ಪೊರಕೆ, ಒಂದು ಹಳೆಯ ಬಕೆಟ್ಟು. ಕ್ಲಾಸಿನ ಕಿಟಕಿಗಳ ತುಂಬ ಮಕ್ಕಳ ತಲೆಗಳು.

"ನಾಳೆ ಸಾಹೇಬರು ಬರ್ತಾರೆ," ಎನ್ನುತ್ತಿದ್ದರು ರಾಮಚಂದ್ರಪ್ಪ. "ನಿಮ್ಮವ್ವ ದೊಡ್ಡ ಮನುಷ್ಯಳಾಗಿದಾಳೆ, ಬರಲ್ಲ. ನೀನು ತೆಗಿ. ಹೇಗೂ ನಿನಗೆ ಅಭಿರುಚಿ ಇದೆ."

ಕಿಟಕಿಯಿಂದ ಯಾರೋ ಕೂಗಿದರು. "ಚಿನ್ನ ತೆಗಿಯೇ ಸುವರ್ಣಾ!"

ಸುವರ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅದು ನಾನು ಆರಿಸ್ಕೊಂಡ ವಿಷಯ ಅಲ್ಲ ಸಾರ್."

"ಏನಂದೆ? ಚಾಚು ಕೈ."

ಅವಳು ಬಲಗೈ ಚಾಚಿದಳು. ಬೆತ್ತ ಬೊಬ್ಬೆಯ ಮೇಲೇ ಬಿತ್ತು. ಬೊಬ್ಬೆ ಒಡೆಯಿತು.

"ಈಗ ತೆಗೀತೀಯಾ?"

"ಅದು ನಾನು ಆರಿಸ್ಕೊಂಡ ವಿಷಯ ಅಲ್ಲ ಸಾರ್."

ಇನ್ನೊಂದು ಏಟು. ಮತ್ತೆ ಅದೇ ಮಾತು. ದನಿ ಏರಲಿಲ್ಲ, ಇಳಿಯಲಿಲ್ಲ. ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. ಮೂರನೆಯ ಏಟಿಗೆ ಕಿಟಕಿಯ ಮಕ್ಕಳು ಸುಮ್ಮನಾದರು.

ದುರ್ಗಮ್ಮ ಬಕೆಟ್ಟನ್ನು ಅಲ್ಲೇ ಬಿಟ್ಟಳು. ಹಿಂಬಾಗಿಲಿನಿಂದ ಹೋಗಲಿಲ್ಲ. ಕಾಂಪೌಂಡು ಸುತ್ತಿ ಮುಂದಿನ ರಸ್ತೆಗೆ ಬಂದಳು. ಸ್ಕೂಲಿನ ಮುಂದಿನ ಗೇಟಿಗೆ ಹಸಿರು ಬಣ್ಣ ಹೊಡೆದಿತ್ತು. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ಕಂಡದ್ದು ಅದೇ ಮೊದಲು. ಗೇಟು ತಳ್ಳಿ, ಜಗಲಿ ಹತ್ತಿ, ಕ್ಲಾಸುಗಳ ಮುಂದೆ ನಡೆದು ಅಂಗಳಕ್ಕೆ ಇಳಿದಳು. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಾಗಿತ್ತು.

ಮಗಳ ಕೈ ಹಿಡಿದುಕೊಂಡಳು. ಹೆಡ್ ಮೇಷ್ಟ್ರ ಮುಖ ನೋಡಲಿಲ್ಲ.

"ನಡಿ ಮಗಾ."

ಬಂದ ದಾರಿಯಲ್ಲೇ ಹೊರಗೆ ಹೋದರು. ಮನೆಗೆ ಹೋಗಿ ದುರ್ಗಮ್ಮ ಪಾತ್ರೆಗಳನ್ನು ಕಟ್ಟಿಟ್ಟಳು.

ಶನಿವಾರ ಮಧ್ಯಾಹ್ನ ಸುಬ್ಬಪ್ಪ ಬರಲಿಲ್ಲ. ಮೀರಾ ಟೀಚರು ಬಂದರು. ರೈಲಿಗೆ ಇನ್ನೂ ಹೊತ್ತಿತ್ತು. ಲೈನಿನ ಮಕ್ಕಳೆಲ್ಲ ಅವರ ಹಿಂದೆ ಬಂದವು. ಅವರು ಬಾಗಿಲಲ್ಲಿ ನಿಂತೇ ಮಾತಾಡಿದರು.

"ಸಾಹೇಬರು ಬಂದು ಹೋದರು. ಮೂಗಿಂದ ಕರವಸ್ತ್ರ ತೆಗೀಲೇ ಇಲ್ಲ. ಏನಿದು ಅಂತ ಕೇಳಿದ್ರು. ನಾನು ಹೇಳಿದೆ. ಪಟ್ಟಿಯನ್ನೂ ಓದಿದೆ."

"ಏನಂದ್ರು?"

"ಆ ಹುಡುಗಿಗೆ ಹೊಲಿಗೆನೇ ಕೊಟ್ಟು ಮೊದಲು ಈ ನಾತ ತೆಗೆಸಿ ಅಂದ್ರು. ಹೆಡ್ ಮೇಷ್ಟ್ರು ದಫೇದಾರನಿಗೂ ಹೇಳಿ ಕಳಿಸಿದಾರೆ. ಮನೆ ಬಿಡೋದು ಬೇಡ."

"ನ್ಯಾಯ ಅಂತ ಕೊಟ್ಟಿದ್ದಲ್ಲ ಅಂದಂಗಾಯ್ತು."

"ಅಲ್ಲ. ನಾತಕ್ಕೆ ಕೊಟ್ಟಿದ್ದು." ಮೀರಾ ಕೈಯಲ್ಲಿದ್ದ ಒಪ್ಪಿಗೆಯ ಕಾಗದ ಬಿಚ್ಚಿದರು. "ಆ ಪಟ್ಟಿ ಕೆಳಗೆ ನಾನೂ ಸಹಿ ಹಾಕಿದ್ದೆ ದುರ್ಗಮ್ಮ. ಓದದೆ ಹಾಕಿದ್ದಲ್ಲ."

"ಗೊತ್ತಿತ್ತು."

ಮೀರಾ ಹೊಸ ಕಾಗದ ಓದಿದರು. ಸುವರ್ಣ, ಹೊಲಿಗೆ. ಇನ್ನೊಂದ್ಸಲ ಓದಿ ಎಂದಳು ದುರ್ಗಮ್ಮ. ಓದಿದರು. ಈಗ ನೀನು ಓದು ಎಂದು ಮಗಳಿಗೆ ಹೇಳಿದಳು. ಸುವರ್ಣ ಓದಿದ ಮೇಲೆ ದುರ್ಗಮ್ಮ ಮಡಕೆಯ ತಳದ ಮಸಿಗೆ ಹೆಬ್ಬೆರಳು ಒರೆಸಿ ಕಾಗದದ ಮೇಲೆ ಒತ್ತಿದಳು.

ಸೋಮವಾರ ಸ್ಕೂಲಿನ ಕಕ್ಕಸು ಬಳಿದವಳು ಅವಳೇ. ಆರು ದಿನದ್ದು. ಒಂದು ಸಲಕ್ಕೆ ಮುಗಿಯಲಿಲ್ಲ, ಒಂಬತ್ತು ಸಲ ಗಾಡಿಗೆ ಹೊತ್ತಳು. ಹುಳ ಬಿದ್ದಿತ್ತು. ಹನ್ನೊಂದು ವರ್ಷದ ಹಿಂದಿನಂತೆ ಗೋಡೆ ಹಿಡಿದು ವಾಂತಿ ಮಾಡಿದಳು. ಮೇಲಾಗಿ ಸುಬ್ಬಪ್ಪ ಮೀನು ಮಾರ್ಕೆಟ್ಟಿನ ಚರಂಡಿಯನ್ನೂ ಅವಳ ಪಾಲಿಗೆ ಹಾಕಿದ. ಲೀಡರಿಗೆ ಪ್ರಮೋಷನ್ ಎಂದು ನಕ್ಕ.

ಹೊಸ ವರ್ಷದ ಕ್ಲಾಸು ಶುರುವಾದಾಗ ಅಖ್ತರ್ ಬೀ ಸುವರ್ಣಳಿಗೆ ಮೂಲೆಯ ಮಿಷನ್ ಕೊಟ್ಟರು. ಪೆಡಲ್ ಬಿಗಿ, ದಾರ ಆಗಾಗ ತುಂಡಾಗುತ್ತಿತ್ತು. "ಇದು ನಿಂದು. ಬೇರೇದು ಮುಟ್ಬೇಡ," ಎಂದರು. ಉಳಿದ ಹುಡುಗಿಯರು ತಮ್ಮ ಸ್ಟೂಲುಗಳನ್ನು ದೂರ ಎಳೆದುಕೊಂಡರು. ಯಾರೂ ಎದ್ದು ಹೋಗಲಿಲ್ಲ. ಇಬ್ಬರು ಮನೆಯವರು ಬಂದು ಕೂಗಾಡಿದರು, ಅಷ್ಟೆ. ಅಖ್ತರ್ ಬೀ ತಲೆ ತಗ್ಗಿಸಿ ಕೇಳಿಸಿಕೊಂಡು, ಒಳಗೆ ಬಂದು ಸುವರ್ಣಳ ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಟ್ಟರು.

ತಿಂಗಳಾದ ಮೇಲೆ ಒಂದು ಸಂಜೆ ಸುವರ್ಣ ಪೇಪರಿನ ಪಟ್ಟಿಯೊಂದನ್ನು ತಂದಳು. ಹಳೆಯ ಪೇಪರನ್ನು ಉದ್ದಕ್ಕೆ ಕತ್ತರಿಸಿ, ಅಂಟಿಸಿ, ಇಂಚಿಂಚಿಗೆ ಗೆರೆ ಹಾಕಿದ್ದಳು. ಸ್ಕೂಲಿನ ಟೇಪನ್ನು ಮನೆಗೆ ಕೊಡುವುದಿಲ್ಲ.

"ನಿಂತ್ಕೊ ಅವ್ವ."

ದುರ್ಗಮ್ಮ ಚರಂಡಿಯಿಂದ ಆಗಷ್ಟೇ ಬಂದು ಮೈ ತೊಳೆದಿದ್ದಳು. ಗೋಡೆಗೆ ಒರಗಿದವಳು ಎದ್ದು ನಿಂತಳು. ಏಳುವಾಗ ಮಂಡಿ ಸದ್ದು ಮಾಡಿತು.

"ಕೈ ಎತ್ತು."

ಎತ್ತಿದಳು. ಸುವರ್ಣ ಅವಳ ಎದೆಯ ಸುತ್ತ ಪಟ್ಟಿ ತಂದು ಹಿಡಿದಳು. ಅಂಗೈಯ ಗಾಯ ಮಾಗಿತ್ತು. ಎಡಗೈ ಬೆರಳುಗಳ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಚುಕ್ಕೆಗಳಿದ್ದವು. ಆಮೇಲೆ ತೋಳು. ಆಮೇಲೆ ಕತ್ತಿನ ಬುಡದಿಂದ ಬಲಭುಜ. ಆಮೇಲೆ ಎಡ. ಅಲ್ಲಿ ಕೈ ನಿಂತಿತು. ಇನ್ನೊಂದು ಸಲ ಅಳೆದಳು. ಬೆನ್ನ ಹಿಂದೆ ಹೋಗಿ, ಎರಡೂ ಭುಜಗಳಿಂದ ಸೊಂಟದವರೆಗೆ ಪಟ್ಟಿ ಇಳಿಸಿ ಮತ್ತೆ ನೋಡಿದಳು.

"ಯಾಕೇ?"

"ರವಿಕೆ ಜಾರ್ತಿದ್ದಿದ್ದು ಅಜ್ಜಿ ಅಳತೆಯಿಂದ ಅಷ್ಟೇ ಅಲ್ಲವ್ವ. ನಿನ್ನ ಎಡಭುಜ ಒಂದಿಂಚು ಕೆಳಗಿದೆ."

ದುರ್ಗಮ್ಮ ತನ್ನ ಎಡಗೈ ನೋಡಿದಳು. ಅದು ಬಕೆಟ್ಟು ಹಿಡಿದಂತೆಯೇ ಅರ್ಧ ಮಡಿಸಿಕೊಂಡು ತೂಗುತ್ತಿತ್ತು. ಬಕೆಟ್ಟು ಹೊರಗೆ ಗೋಡೆಯ ಬಳಿ ಇತ್ತು.

ಸುವರ್ಣ ಪೆನ್ಸಿಲ್ ಹಿಡಿದು ಕಾದಳು.

"ಬರ್ಕೊ," ಎಂದಳು ದುರ್ಗಮ್ಮ.